ಬುಧವಾರದ ಬೀಗರು

ರವೂಫಾಕನಿಗೆ ವಾರದ ದಿನಗಳು ಮೂಗಿನಿಂದಲೇ ಗೊತ್ತಾಗುತ್ತಿದ್ದವು. ಒಣಮೀನು, ಕೊಳೆತ ಎಲೆಕೋಸು, ಒದ್ದೆ ಗೋಣಿ ಸೇರಿ ಮೂಗಿಗೆ ಬಡಿದರೆ ಅದು ಸೋಮವಾರ, ಸಂತೆಯ ದಿನ. ಚರಂಡಿಯ ಕಪ್ಪು ಕೆಸರು ನಾರಿದರೆ ಮಂಗಳವಾರ. ಹಾಲಿನ ಖಾಲಿ ತೊಟ್ಟೆಗಳ ಹುಳಿ ವಾಸನೆ ಬಂದರೆ ಒಣಕಸದ ಬುಧವಾರ. ಗುರುವಾರಕ್ಕೆ ಮಾತ್ರ ವಾಸನೆ ಇಲ್ಲ, ಏಕೆಂದರೆ ಅಂದು ನೀರಿನ ಟ್ಯಾಂಕರು. ಶುಕ್ರವಾರ ಅರ್ಧ ದಿನ ಅತ್ತರು, ಜುಮಾ ಮುಗಿದ ಮೇಲೆ ಕಂದಾಯ ವಿಭಾಗದ ಮೈಕು. ಶನಿವಾರ ಬೀದಿದೀಪ ಸರಿಮಾಡುವವರ ಏಣಿ ಹೊತ್ತು ಕಂಬದಿಂದ ಕಂಬಕ್ಕೆ ತೆವಳುವುದು. ಆದಿತ್ಯವಾರ ರಜೆ ಎಂದು ಹೆಸರು. ಅಂದು ಗಾಡಿ ತೊಳೆಯಬೇಕು.

ಪುತ್ತೂರು ಪೇಟೆಯವರಿಗೆ ನಗರಸಭೆ ಎಂದರೆ ಮೆಟ್ಟಿಲು ಹತ್ತಿ ಹೋಗಬೇಕಾದ ಕಟ್ಟಡ. ಅಲ್ಲಿ ಆರೋಗ್ಯ, ನೀರು, ಕಂದಾಯ, ಇಂಜಿನಿಯರಿಂಗ್ ಎಂದು ಬಾಗಿಲಿಗೊಂದು ಬೋರ್ಡು. ರವೂಫಾಕನಿಗೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ. ಹೊರಗುತ್ತಿಗೆಯ ಚಾಲಕ. ನೆರೆಕರೆಯವರು ಏಣಿಯನ್ನು ಎರವಲು ಒಯ್ದಂತೆ ಒಂದು ವಿಭಾಗ ಬಿಟ್ಟ ಕೂಡಲೇ ಇನ್ನೊಂದು ವಿಭಾಗ ಅವನನ್ನು ಒಯ್ಯುತ್ತಿತ್ತು. ಏಣಿಗಾದರೂ ಸಂಜೆ ಗೋಡೆಗೆ ಒರಗುವ ಭಾಗ್ಯವಿದೆ.

ಹರೆಯದಲ್ಲಿ ಅವನು ಸೌದಿಯ ದಮ್ಮಾಮಿನಲ್ಲಿ ಟ್ರೈಲರ್ ಓಡಿಸಿದವ. ಅಲ್ಲಿಯ ದಾರಿ ದಾರದ ಹಾಗೆ ನೇರ. ಎದುರಿಗೆ ಒಂಟೆ ಬರುವುದಿದ್ದರೂ ಒಂದು ಚಾ ಕುಡಿದು ಮುಗಿಸುವಷ್ಟು ಮೊದಲೇ ಕಾಣಿಸುತ್ತಿತ್ತು. ಇಲ್ಲಿ ಕಬಕದ ಮನೆಯಿಂದ ಪೇಟೆಗೆ ಬರುವಷ್ಟರಲ್ಲಿ ಎಷ್ಟು ತಿರುವು, ಎಷ್ಟು ಬಸ್ಸು, ಎಷ್ಟು ಬೈಗುಳ! ಮೊಣಕಾಲ ಚಿಪ್ಪು ಸವೆದಿತ್ತು. ಕ್ಲಚ್ಚು ಒತ್ತಿದಾಗಲೆಲ್ಲ ಅದು ಒಳಗಿನಿಂದ ಕಟಕಟ ಎನ್ನುತ್ತಿತ್ತು. ಆದರೂ ಬೆಳಗಿನ ಬಾಂಗಿಗೆ ಏಳುತ್ತಿದ್ದ, ನಮಾಜು ಮುಗಿಸಿ ಹಳದಿ ಪಟ್ಟಿಯ ಕೋಟು ತೊಟ್ಟು ಹೊರಡುತ್ತಿದ್ದ. ಆಯಾಸ ಅವನಿಗೆ ಈಗ ರೋಗದ ಹಾಗಿರಲಿಲ್ಲ, ಜೊತೆಗೇ ಹಾಸಿಕೊಂಡು ಮಲಗುವ ಹಳೆಯ ಚಾಪೆಯ ಹಾಗಿತ್ತು.

ಈ ಕಥೆ ಬುಧವಾರದ್ದು.

ಬುಧವಾರ ಕೊಳೆಯದ ಕಸ, ಡಯಾಪರಿನಂಥದ್ದನ್ನು ಮಾತ್ರ ಎತ್ತುವುದು. ಗಾಡಿ ಹಾಡು ಹೇಳುತ್ತ ಓಣಿಗೆ ಬಂದರೆ ಮನೆಮನೆಯವರು ಚೀಲ ಹಿಡಿದು ಗೇಟಿಗೆ ಬರುತ್ತಾರೆ. ಹಿಂದೆ ನಿಂತ ಸೇಸಪ್ಪ ಅದನ್ನು ತೆಗೆದುಕೊಂಡು ಒಳಗೆ ಎಸೆಯುತ್ತಾನೆ. ಸೇಸಪ್ಪ ಪೆರಾಬೆ ಕಡೆಯವ, ವಯಸ್ಸಿನಲ್ಲಿ ರವೂಫಾಕನಿಗೆ ಸಮ, ಬಾಯಲ್ಲಿ ನಾಲ್ಕು ಪಟ್ಟು. ಹಲಸಿನಕಟ್ಟೆ ಅಡ್ಡರಸ್ತೆಗೆ ಗಾಡಿ ತಿರುಗಿದರೆ ಅವನ ಬಾಯಿಗೆ ಇನ್ನಷ್ಟು ಹುರುಪು ಬರುತ್ತಿತ್ತು. ಏಕೆಂದರೆ ಆ ರಸ್ತೆಯ ನಡುವಿನ ಹಸಿರು ಗೇಟಿನ ಮನೆ ರವೂಫಾಕನ ಹೊಸ ಬೀಗರದ್ದು.

ರವೂಫಾಕನ ಒಬ್ಬಳೇ ಮಗಳು ಹಸ್ನಾಳನ್ನು ಆ ಮನೆಯ ಕಿರಿಮಗ ಮಿದ್ಲಾಜಿಗೆ ಕೊಟ್ಟು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಹುಡುಗ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟವ, ಒಳ್ಳೆಯವ. ಮನೆಯ ಯಜಮಾನಿಕೆ ಅವನ ತಾಯಿ ನೆಬೀಸಳದ್ದು. ಹಜ್ಜಿಗೆ ಹೋಗಿ ಬಂದ ಹೆಂಗಸು, ಊರಿಡೀ ಹಜ್ಜುಮ್ಮ ಎಂದೇ ಕರೆಯುತ್ತಾರೆ. ದೊಡ್ಡ ಮಗ ದುಬೈಯಲ್ಲಿ, ಅವನ ಹೆಂಡತಿ ಮತ್ತು ಕೂಸು ಇಲ್ಲಿ. ಮದುವೆ ಮಾತುಕತೆಯ ದಿನವೇ ರವೂಫಾಕ ಬಾಯಿ ಬಿಟ್ಟು ಹೇಳಿದ್ದ, "ನಾನು ಕಸದ ಗಾಡಿ ಓಡಿಸುವವ, ನಾಳೆ ಗೊತ್ತಿರಲಿಲ್ಲ ಅಂತ ಆಗ್ಬಾರ್ದು." ಹಜ್ಜುಮ್ಮ ಒಳಕೋಣೆಯ ಪರದೆಯ ಆಚೆಯಿಂದಲೇ ಉತ್ತರ ಕೊಟ್ಟಿದ್ದಳು, "ಹಲಾಲ್ ಕೆಲಸ ಅಲ್ವಾ? ಮತ್ತೆಂತ ಮಾತು!" ಆ ಒಂದು ಮಾತಿಗೆ ರವೂಫಾಕನ ಎದೆ ತಣ್ಣಗಾಗಿತ್ತು.

ಆದರೆ ಮದುವೆ ಕಳೆದ ಮೇಲಿನ ಬುಧವಾರಗಳಲ್ಲಿ ಹಸಿರು ಗೇಟು ತೆರೆಯಲೇ ಇಲ್ಲ.

ಮದುವೆಗೆ ಮೊದಲು ವಾರವಾರವೂ ಕಸ ಕೊಡುತ್ತಿದ್ದ ಮನೆ ಅದು. ಈಗ ಗಾಡಿಯ ಹಾಡು ಓಣಿಯ ಬಾಯಿಯಲ್ಲಿ ಕೇಳಿದರೆ ಸಾಕು, ಅಂಗಳದಲ್ಲಿದ್ದವರು ಒಳಗೆ ಹೋಗುತ್ತಿದ್ದರು. ಒಂದು ಸಲ ಮಾಳಿಗೆಯ ಕಿಟಕಿಯಲ್ಲಿ ಹಸ್ನಾಳ ಮುಖ ಕಂಡಿತು. ಅವಳು ಕೈಬೀಸಲಿಲ್ಲ, ಶಿರವಸ್ತ್ರ ಸರಿಮಾಡುತ್ತ ಹಿಂದೆ ಸರಿದಳು. ರವೂಫಾಕ ಹಾರ್ನು ಒತ್ತಲಿಲ್ಲ. ಒತ್ತಬೇಕೆಂದು ಕೈ ಹೋದದ್ದು ಹೌದು.

"ರವೂಫಾಕ, ನಿಮ್ಮ ಬೀಗರು ಗಾಳಿ ತಿಂದು ಬದುಕುದಾ ಎಂತ?" ಸೇಸಪ್ಪ ಹಿಂದಿನಿಂದ ಕೂಗಿದ. "ಒಂದು ತೊಟ್ಟೆ ಕಸ ಇಲ್ಲ ಮಾರಾಯ್ರೆ!"

"ಇದ್ದರೆ ಕೊಡ್ತಾರೆ, ಸೇಸಪ್ಪಣ್ಣ."

"ಕೂಸು ಉಂಟಲ್ಲ ಒಳಗೆ? ನನಗೆ ಅಳುದು ಕೇಳ್ತದೆ. ಆ ಕೂಸಿನ ಡಯಾಪರು ದುಬೈಗೆ ಕಳಿಸ್ತಾರಾ?"

ರವೂಫಾಕ ಗೇರು ಹಾಕಿದ. ನಾಚಿಕೆಯಾಗಿದೆ ಅವರಿಗೆ, ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಪರದೆಯ ಆಚೆಯಿಂದ ಹೇಳುವುದು ಸುಲಭ, ನೆರೆಯವರ ಕಣ್ಣೆದುರು ಬೀಗನ ಗಾಡಿ ನಿಂತಾಗ ಕಷ್ಟ. ಆ ಯೋಚನೆ ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ ಹಲ್ಲಿಗೆ ತಾಗುತ್ತಿತ್ತು. ಉಗುಳಲಿಕ್ಕೂ ಆಗದು, ನುಂಗಲಿಕ್ಕೂ ಆಗದು.

ಹಾಗಿರುವಾಗ ಒಂದು ಮಂಗಳವಾರ ಬಂತು. ಎಪ್ರಿಲಿನ ಉರಿ. ಮಂಗಳವಾರ ಚರಂಡಿಯ ಹೂಳಿನ ಜೊತೆಗೆ, ಊರವರು ಕಂಡಕಂಡಲ್ಲಿ ಎಸೆದ ಕಸದ ರಾಶಿಗಳನ್ನೂ ಎತ್ತಬೇಕು. ಹಲಸಿನಕಟ್ಟೆ ರಸ್ತೆಯ ಕೊನೆಯ ತಿರುವಿನಲ್ಲಿ ಮುಂಬೈಯವರದೊಂದು ಖಾಲಿ ಜಾಗ, ಕಾಂಗ್ರೆಸ್ ಗಿಡ ಬೆಳೆದು ನಿಂತಿತ್ತು. ಅಲ್ಲಿ ಹೊಸತಾಗಿ ರಾಶಿ ಬೀಳುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಆರೋಗ್ಯ ನಿರೀಕ್ಷಕಿ ಭಾವನಾ ಸ್ಕೂಟರಿನಲ್ಲಿ ಮೊದಲೇ ಬಂದು ನಿಂತಿದ್ದಳು. ಚಿಕ್ಕ ಪ್ರಾಯದ ಹುಡುಗಿ, ದನಿ ಎತ್ತುವವಳಲ್ಲ, ಹಿಡಿದದ್ದನ್ನು ಬಿಡುವವಳೂ ಅಲ್ಲ.

ನಾಯಿಗಳು ಚೀಲಗಳನ್ನು ಹರಿದು ಒಂದು ಅಂಗಳದಷ್ಟು ಅಗಲಕ್ಕೆ ಹರಡಿದ್ದವು. ಬಿಸಿಲಿಗೆ ಕುದಿದ ಡಯಾಪರು, ಹುಳ. ಸೇಸಪ್ಪ ಕೂಡ ಬಾಯಿ ಮುಚ್ಚಿ ಕೆಲಸ ಮಾಡಿದ. ಅವನೊಬ್ಬನಿಂದ ಆಗದೆಂದು ರವೂಫಾಕನೂ ಇಳಿದು ಸಲಿಕೆ ಹಿಡಿದ. ಹಾಗೆ ಬಾಚುವಾಗ ಒಂದು ಗುಲಾಬಿ ಬಣ್ಣದ ಚೀಲ ಸಲಿಕೆಗೆ ಸಿಕ್ಕಿಕೊಂಡು ಮೇಲೆ ಬಂತು. ಅದರ ಮೇಲೆ ಬಂಗಾರದ ಅಕ್ಷರದಲ್ಲಿ 'ಹಸ್ನಾ ಫ್ಯಾನ್ಸಿ' ಎಂದು ಬರೆದಿತ್ತು.

ಮದುವೆಯಾದ ಖುಷಿಗೆ ಮಿದ್ಲಾಜ್ ಅಂಗಡಿಯ ಹೆಸರನ್ನೇ ಬದಲಾಯಿಸಿ ಹೊಸ ಚೀಲ ಮಾಡಿಸಿದ್ದ. ಮೊದಲ ಕಟ್ಟಿನಿಂದ ಒಂದು ಚೀಲ ತಂದು ಮಾವನ ಕೈಗೆ ಕೊಟ್ಟಿದ್ದ ಕೂಡ. ರವೂಫಾಕನ ಹೆಂಡತಿ ಆಯಿಶಾ ಅದನ್ನು ಮಡಚಿ ಕಪಾಟಿನಲ್ಲಿ ಇಟ್ಟಿದ್ದಳು. ಈಗ ಅದೇ ಹೆಸರು ಹುಳ ಮೆತ್ತಿಕೊಂಡು ಸಲಿಕೆಯ ತುದಿಯಲ್ಲಿ. ಇನ್ನೊಮ್ಮೆ ಬಾಚಿದ. ಇನ್ನೊಂದು ಹಸ್ನಾ. ಮತ್ತೊಂದು.

"ಈ ಅಂಗಡಿ ಯಾವುದು ರವೂಫಣ್ಣ?" ಭಾವನಾ ಕೇಳಿದಳು.

ಸೇಸಪ್ಪ ಇದ್ದಕ್ಕಿದ್ದಂತೆ ನಾಯಿ ಓಡಿಸಲು ಹೋದ.

"ಪೇಟೆಯದ್ದು ಮೇಡಂ. ಎಷ್ಟೋ ಜನ ತಗೊಳ್ತಾರೆ."

"ತಗೊಳ್ಳಲಿ. ಎಲ್ಲರೂ ಇಲ್ಲಿಗೇ ಬಂದು ಬಿಸಾಡುದಾ?" ಅವಳು ಮೂಗಿನ ಮೇಲಿನ ಕರವಸ್ತ್ರ ತೆಗೆಯದೆ ಹೇಳಿದಳು. "ಈ ರಸ್ತೆಯಲ್ಲಿ ಗಾಡಿಗೆ ಕಸ ಕೊಡದ ಮನೆ ಯಾವುದು ಅಂತ ನನಗಿಂತ ನಿಮಗೆ ಗೊತ್ತಿರ್ತದೆ. ನಾಳೆ ನನಗೆ ಮೀಟಿಂಗ್ ಉಂಟು. ಆಚೆ ಬುಧವಾರ ನಾನೇ ಬಂದು ಈ ತಿರುವಿನಲ್ಲಿ ನಿಲ್ತೇನೆ. ಕೊಡದ ಮನೆ ಯಾವುದು ಅಂತ ನೀವೇ ಹೇಳ್ಬೇಕು. ಗೇಟಿಗೆ ನೋಟೀಸು, ವಾರ್ಡಿನ ವಾಟ್ಸಾಪಿಗೆ ಫೋಟೋ. ಮತ್ತೆ ಬೇಜಾರು ಮಾಡ್ಬೇಡಿ."

"ಮೇಡಂ, ಈ ರಸ್ತೆಗೆ ಬೇರೆ ಡ್ರೈವರ್ ಹಾಕ್ಲಿಕ್ಕೆ ಆಗ್ತದಾ?"

"ಯಾರು ಇದ್ದಾರೆ ಹೇಳಿ, ಹಾಕುವ."

ಯಾರೂ ಇರಲಿಲ್ಲ. ಇದ್ದ ಇನ್ನೊಬ್ಬ ಸೊಂಟ ಹಿಡಿದು ಆಸ್ಪತ್ರೆ ಸೇರಿದ್ದ.

ಅಂದು ಸಂಜೆ ರವೂಫಾಕ ಸೋಪು ಸವೆಯುವಷ್ಟು ಕೈ ತೊಳೆದು ಮಗಳಿಗೆ ಫೋನು ಮಾಡಿದ.

"ಮಗಳೇ, ಮನೆಯ ಕಸ ಎಲ್ಲಿಗೆ ಹಾಕ್ತೀರಿ?"

ಆ ಕಡೆಯಿಂದ ಮೂಗು ಏರಿಸಿದ ಸದ್ದು. "ನಾನೇ ಉಪ್ಪ. ಸಂಜೆ ಮಬ್ಬಾದ ಮೇಲೆ ಆ ತಿರುವಿನ ಜಾಗಕ್ಕೆ ತಗೊಂಡು ಹೋಗುದು."

"ನೀನಾ?"

"ಅತ್ತಿಗೆಗೆ ಕೂಸು ಉಂಟು, ಮಾಮಿಗೆ ಕಾಲು ನೋವು, ಇವರು ಅಂಗಡಿ ಮುಚ್ಚಿ ಬರುವಾಗ ರಾತ್ರಿ ಆಗ್ತದೆ. ಮತ್ತೆ ಯಾರು? ನಾಯಿ ಬರ್ತದೆ ಉಪ್ಪ, ನಾನು ಒಂದು ಕೋಲು ಇಟ್ಟುಕೊಂಡಿದ್ದೇನೆ. ಮೊನ್ನೆ ಆಚೆ ಮನೆಯವರು ಟಾರ್ಚು ಬಿಟ್ರು, ನಾನು ಗಿಡದ ಹಿಂದೆ ಕೂತೆ." ಅವಳು ನಗಲು ನೋಡಿದಳು, ನಗು ಬರಲಿಲ್ಲ.

"ಗಾಡಿಗೆ ಕೊಡ್ಲಿಕ್ಕೆ ನಾಚಿಕೆಯಾ ಅವರಿಗೆ?"

"ನಾಚಿಕೆ ಅಲ್ಲ! ನಾಚಿಕೆ ಆಗಿದ್ರೆ ನಾನೇ ಜಗಳ ಮಾಡ್ತಿದ್ದೆ. ಮರ್ಯಾದೆ. ಇನ್ನೂ ಒಂದು ಹೊತ್ತು ಬೀಗರಿಗೆ ಬಡಿಸ್ಲಿಲ್ಲ, ಅವರ ಕೈಗೆ ಕೂಸಿನ ಹೇಲಿನ ಚೀಲ ಕೊಡುದಾ ಅಂತ ಮಾಮಿ ಕೇಳ್ತಾರೆ. ನಾನೆಂತ ಹೇಳುದು ಉಪ್ಪ?"

ರವೂಫಾಕ ಫೋನು ಇಟ್ಟ. ತನ್ನನ್ನು ಕಂಡರೆ ಹೇಸಿಗೆ ಎಂದುಕೊಂಡು ತಿಂಗಳುಗಟ್ಟಲೆ ಒಳಗೊಳಗೆ ಬೆಂದಿದ್ದ. ಈಗ ನೋಡಿದರೆ ಗೌರವ! ಆ ಗೌರವ ಹೊರುವುದಕ್ಕೆ ತನ್ನ ಮಗಳು ಮಬ್ಬಿನಲ್ಲಿ ಕೋಲು ಹಿಡಿದು ನಡೆಯಬೇಕಿತ್ತು. ಆಚೆ ಬುಧವಾರ ಆ ಮನೆಯ ಹೆಸರನ್ನು ತನ್ನ ಬಾಯಿಯಿಂದಲೇ ಹೇಳಬೇಕು. ಗೇಟಿಗೆ ನೋಟೀಸು ಅಂಟಿದ ದಿನ ಚೀಲ ಹೊತ್ತವಳು ಯಾರು ಎಂಬ ಪ್ರಶ್ನೆ ಬರುತ್ತದೆ, ಹೊಸ ಸೊಸೆಯ ಹೆಸರು ಓಣಿಯಿಡೀ ಸುತ್ತುತ್ತದೆ.

ಬೀಗರ ಊಟದ ಲೆಕ್ಕಾಚಾರ ಹೀಗಿತ್ತು. ಮದುವೆಯಾದ ಮೇಲೆ ಹುಡುಗನ ಮನೆಯವರು ಹೆಣ್ಣಿನ ಮನೆಯವರನ್ನು ಕ್ರಮದಲ್ಲಿ ಕರೆದು ಔತಣ ಕೊಡಬೇಕು. ಅದಕ್ಕೆ ಮೊದಲು ಹೆಣ್ಣಿನ ತಂದೆ ಆ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ದೊಡ್ಡ ಮಗನಿಗೆ ರಜೆ ಸಿಗುವುದು ಮಳೆ ಹಿಡಿದ ಮೇಲೆ. ಅವನಿಲ್ಲದೆ ಔತಣ ಆಗದು. ಔತಣ ಆಗದೆ ಕಸ ಸಿಗದು.

ಮರುದಿನ ಬುಧವಾರ ಹಸಿರು ಗೇಟು ಎಂದಿನಂತೆ ಮುಚ್ಚಿತ್ತು. ಅದರ ಮರುದಿನ ಗುರುವಾರ, ಅದೇ ಗೇಟು ಹಾರುಹೊಡೆದು ತೆರೆದಿತ್ತು! ಏಕೆಂದರೆ ಆ ದಿನ ರವೂಫಾಕ ತಂದದ್ದು ನೀರು. ಬೇಸಿಗೆಯಲ್ಲಿ ಆ ಗುಡ್ಡೆಯ ಬಾವಿಗಳೆಲ್ಲ ತಳ ಕಾಣುತ್ತವೆ. ಹಜ್ಜುಮ್ಮ ತಲೆಗೆ ಬಿಳಿ ಬಟ್ಟೆ ಹೊದ್ದು ಗೇಟಿನ ಬಳಿ ನಿಂತಿದ್ದಳು. ದಪ್ಪ ಕನ್ನಡಕ, ನೋವಿನ ಕಾಲನ್ನು ಒಂದು ಬದಿಗೆ ಚಾಚಿ ನಿಲ್ಲುವ ಅಭ್ಯಾಸ.

"ರವೂಫಾಕ, ನಿಮ್ಮ ಕೈಯ ನೀರು ಅಂದ್ರೆ ನಮಗೆ ಬರ್ಕತ್ತು," ಎಂದಳು. "ಒಳಗೆ ಬನ್ನಿ ಅಂತ ಹೇಳುವ ಹಾಗಿಲ್ಲ, ಹೇಳದೆ ಇರ್ಲಿಕ್ಕೂ ಬಾಯಿ ಬರುದಿಲ್ಲ. ಮಗ ಬರ್ಲಿ. ಕುರಿ ಕಡಿಸಿಯೇ ಕರೀತೇನೆ."

"ಕುರಿ ಬೇಡ ಹಜ್ಜುಮ್ಮ. ನಿನ್ನೆ ಗಾಡಿ ಬಂದಿತ್ತು."

"ಗೊತ್ತುಂಟು."

"ಕಸ ಇದ್ರೆ..."

"ನಮ್ಮಲ್ಲಿ ಕಸ ಇಲ್ಲ," ಎಂದಳು ಹಜ್ಜುಮ್ಮ, ಮುಖ ಕೆಂಪಾಯಿತು. "ಆ ಮಾತು ನೀವು ಆಡ್ಬೇಡಿ. ನಿಮ್ಮ ಬಾಯಲ್ಲಿ ಕೇಳಿದ್ರೆ ನನಗೆ ಭೂಮಿ ಬಾಯಿ ಬಿಡ್ಬಾರ್ದಾ ಅಂತ ಆಗ್ತದೆ." ಹಾಗೆಂದು ಪೈಪಿನ ಕಡೆಗೆ ತಿರುಗಿದಳು. "ಹಸ್ನಾ, ಆ ಕೊಡಪಾನ ಕೂಡ ತಾ!"

ಹಸ್ನಾ ಕೊಡಪಾನ ತಂದಳು. ಅವಳ ಮುಂಗೈಯಲ್ಲಿ ಕೆರೆದ ಗೆರೆಗಳಿದ್ದವು, ಮುಳ್ಳಿನದ್ದೋ ನಾಯಿಯದ್ದೋ. ತಂದೆ ನೋಡಿದ್ದನ್ನು ಅವಳು ನೋಡಿದಳು, ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು.

ಶುಕ್ರವಾರ ಅಳಿಯನನ್ನು ಹಿಡಿಯೋಣವೆಂದು ಮಸೀದಿಯ ಹೊರಗೆ ಕಾದ. ಮಿದ್ಲಾಜ್ ಮಾಲು ತರಲು ಕಲ್ಲಿಕೋಟೆಗೆ ಹೋಗಿದ್ದನಂತೆ, ಬರುವುದು ಮುಂದಿನ ವಾರ. ಮಧ್ಯಾಹ್ನ ಗಾಡಿಗೆ ಮೈಕು ಕಟ್ಟಿದರು. ಮನೆತೆರಿಗೆ ಕಟ್ಟಿರಿ ಎಂಬುದರ ಬಾಲಕ್ಕೆ ಭಾವನಾಳ ಹೊಸ ಮಾತೊಂದು ಸೇರಿತ್ತು: ಖಾಲಿ ಜಾಗದಲ್ಲಿ ಕಸ ಎಸೆಯುವವರ ಮನೆಗೆ ನೋಟೀಸು ಅಂಟಿಸಲಾಗುವುದು. ಹಸಿರು ಗೇಟಿನ ಮುಂದೆಯೂ ಅದನ್ನು ಕೂಗಿಸುತ್ತ ಹೋಗಬೇಕಾಯಿತು. ದನಿ ಬೇರೆ ಯಾರದ್ದೋ, ಗಾಡಿ ಮಾತ್ರ ಅವನದ್ದು. ಶನಿವಾರ ಏಣಿಯ ಕೆಲಸದಲ್ಲಿ ಮೊಣಕಾಲು ಬಾತು ಕುಂಬಳಕಾಯಿಯಾಯಿತು.

ಆದಿತ್ಯವಾರ ಆಯಿಶಾ ಆ ಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತಿದ್ದಾಗ ರವೂಫಾಕ ಮೆಲ್ಲನೆ ಬಾಯಿ ತೆರೆದ.

"ನಾನೇ ಹೋಗಿ ಉಂಡು ಬಂದ್ರೆ ಹೇಗೆ?"

"ಎಲ್ಲಿ?"

"ಬೀಗರಲ್ಲಿ. ಉಣ್ಣದೆ ಇರುದಲ್ವಾ ತೊಂದ್ರೆ? ಹಾಗಾದ್ರೆ ಉಂಡರಾಯ್ತು."

ಆಯಿಶಾಳ ಕೈ ನಿಂತಿತು. "ಕರೆಯದೆಯಾ?"

"ಕರೆಯುದಕ್ಕೆ ಮಳೆ ಬರ್ಬೇಕು."

"ನಿಮಗೆ ತಲೆ ಸರಿ ಉಂಟಾ? ಹೆಣ್ಣು ಕೊಟ್ಟವರು ಕರೆಯದೆ ಹೋಗಿ ಅನ್ನ ಕೇಳುದಾ? ನನ್ನ ಉಮ್ಮ ಕೇಳಿದ್ರೆ ಕಬರಿನಿಂದ ಎದ್ದು ಬರ್ತಾಳೆ! ನಾಳೆ ಒಂದು ಜಗಳ ಆದ್ರೆ ಅದೇ ಮಾತು ಹಸ್ನಾಳ ತಲೆಗೆ ಬೀಳ್ತದೆ, ನಿನ್ನ ಉಪ್ಪ ಬೇಡಿ ಉಂಡವ ಅಂತ."

"ಈಗ ಅವಳ ತಲೆಗೆ ಬೀಳ್ತಾ ಇರುದೆಂತ?"

ಆಯಿಶಾ ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಇನ್ನೊಂದು ಕಾಲು ಹಚ್ಚದೆಯೇ ಉಳಿಯಿತು.

ಸೋಮವಾರ ಸಂತೆ ಕಳೆಯಿತು. ಮಂಗಳವಾರ ತಿರುವಿನ ಜಾಗದಲ್ಲಿ ಮತ್ತೆ ಗುಲಾಬಿ ಚೀಲಗಳು. ಮತ್ತೆ ಸಲಿಕೆ. ಈ ಸಲ ಸೇಸಪ್ಪ ಅವನನ್ನು ಇಳಿಯಲು ಬಿಡಲಿಲ್ಲ. "ನೀವು ಕೂತ್ಕೊಳ್ಳಿ ಮಾರಾಯ್ರೆ, ನಾನು ತೆಗೀತೇನೆ," ಎಂದ. ಅವನಿಗೆ ಎಲ್ಲವೂ ಗೊತ್ತಿತ್ತು ಎಂದು ಆಗ ರವೂಫಾಕನಿಗೆ ತಿಳಿಯಿತು. ಸೀಟಿನಲ್ಲಿ ಕುಳಿತು ಕನ್ನಡಿಯಲ್ಲಿ ನೋಡಿದ. ಬುಧವಾರ ತನ್ನ ಕೈಗೆ ಬಾರದಂತೆ ಕಾಪಾಡಿದ ಕಸ ಇದು. ವಾರವಿಡೀ ಕೊಳೆತು, ನಾಯಿ ಎಳೆದು, ಹುಳ ಬಿದ್ದು ಮಂಗಳವಾರ ತನ್ನ ಗಾಡಿಗೇ ಬಂದಿತ್ತು.

ಬುಧವಾರ ಬೆಳಿಗ್ಗೆ ಹಲಸಿನಕಟ್ಟೆ ರಸ್ತೆಯ ಕೊನೆಯ ತಿರುವಿನಲ್ಲಿ ಭಾವನಾಳ ಸ್ಕೂಟರು ನಿಂತದ್ದು ದೂರದಿಂದಲೇ ಕಂಡಿತು. ಗಾಡಿ ಹಾಡುತ್ತ ಒಂದೊಂದೇ ಮನೆ ದಾಟಿ ಹಸಿರು ಗೇಟಿನ ಬಳಿ ಬಂತು. ಗೇಟು ಮುಚ್ಚಿತ್ತು. ರವೂಫಾಕ ಇಂಜಿನು ನಿಲ್ಲಿಸಿದ. ಹಾಡನ್ನೂ ನಿಲ್ಲಿಸಿದ.

"ಎಂತ ಆಯ್ತು?" ಸೇಸಪ್ಪ ಇಣುಕಿದ.

"ಹಸಿವಾಗ್ತದೆ," ಎಂದ ರವೂಫಾಕ.

ಗೇಟಿನ ಚಿಲಕ ತೆಗೆದು ಒಳಗೆ ನಡೆದ. ಹಳದಿ ಪಟ್ಟಿಯ ಕೋಟು, ಕೆಸರಿನ ಬೂಟು, ಎಳೆಯುವ ಕಾಲು. ಅಂಗಳದ ನಳ್ಳಿಯಲ್ಲಿ ಕೈಗಳನ್ನು ಉಜ್ಜಿ ಉಜ್ಜಿ ತೊಳೆದ, ಬೂಟು ಕಳಚಿದ, ಜಗಲಿಯ ಮೆಟ್ಟಿಲ ಮೇಲೆ ಕುಳಿತ. ಕುಳಿತ ಕೂಡಲೇ ಸೊಂಟದಿಂದ ಒಂದು ನಿಟ್ಟುಸಿರು ತಾನಾಗಿ ಹೊರಗೆ ಬಂತು. ಬೇಡುವುದಕ್ಕೆ ಬಂದವನು ಗಟ್ಟಿಯಾಗಿ ಕುಳಿತಿರಬೇಕೆಂದು ದಾರಿಯಿಡೀ ಯೋಚಿಸಿದ್ದ, ದೇಹ ಆ ಮಾತು ಕೇಳಲಿಲ್ಲ.

"ಹಜ್ಜುಮ್ಮ," ಎಂದು ಕರೆದ. "ಹೊಟ್ಟೆ ಹಸಿದಿದೆ. ತಿನ್ಲಿಕ್ಕೆ ಎಂತಾದ್ರೂ ಉಂಟಾ?"

ಹಜ್ಜುಮ್ಮ ಬಾಗಿಲಿಗೆ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಹಿಂದೆ ಹಸ್ನಾ, ಕೈಯಲ್ಲಿ ಹಿಟ್ಟು.

"ಯಾ ಅಲ್ಲಾ! ಅಲ್ಲಿ ಯಾಕೆ ಕೂತ್ರಿ? ಒಳಗೆ ಬನ್ನಿ... ಅಲ್ಲ, ಇವತ್ತು... ರವೂಫಾಕ, ಮನೆಯಲ್ಲಿ ಎಂತದೂ ಇಲ್ಲ! ಮಾಂಸ ಇಲ್ಲ, ಮಗ ಇಲ್ಲ..."

"ಇದ್ದದ್ದು ಕೊಡಿ."

"ನಿನ್ನೆಯ ಪತ್ತಿರ್ ಉಂಟು," ಎಂದಳು ಹಸ್ನಾ ಮೆಲ್ಲನೆ. ಪತ್ತಿರ್ ಎಂದರೆ ಅಕ್ಕಿ ರೊಟ್ಟಿ. "ಬಂಗುಡೆ ಸಾರೂ ಉಂಟು."

"ನೀನು ಸುಮ್ಮನಿರು!" ಹಜ್ಜುಮ್ಮ ಸೊಸೆಯನ್ನು ಗದರಿದಳು. "ಬೀಗರಿಗೆ ಮೊದಲ ತುತ್ತು ನಿನ್ನೆಯ ಪತ್ತಿರಾ? ರವೂಫಾಕ, ನನ್ನ ಮರ್ಯಾದೆ ತೆಗಿಬೇಡಿ. ಊರಿಗೆ ನಾನು ಎಂತ ಹೇಳ್ಲಿ? ಬೇಕಾದ್ರೆ ಬೈಯಿರಿ. ನಾನು ನಿಮ್ಮನ್ನು ಗೇಟಿನ ಹೊರಗೆ ನಿಲ್ಲಿಸ್ಬಾರ್ದು ಅಂತ, ನಿಮ್ಮ ಕೈಗೆ ಆ ಹೊಲಸು ಬರ್ಬಾರ್ದು ಅಂತ..."

"ಬರ್ತದೆ ಹಜ್ಜುಮ್ಮ," ಎಂದ ರವೂಫಾಕ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ತ್ರಾಣವೂ ಇರಲಿಲ್ಲ. "ನೀವು ಬುಧವಾರ ಕೊಡುದಿಲ್ಲ. ಅದು ಆ ತಿರುವಿಗೆ ಹೋಗ್ತದೆ. ಮಂಗಳವಾರ ಅದನ್ನು ಎತ್ತುದು ಯಾರು ಅಂತ ಎಣಿಸಿದ್ರಿ? ನಾನೇ. ಸಲಿಕೆಯಲ್ಲಿ. ಹುಳ ಬಿದ್ದ ಮೇಲೆ."

ಬುಧವಾರ ಕಸ, ಗುರುವಾರ ನೀರು, ಇಷ್ಟು ಹಜ್ಜುಮ್ಮನಿಗೆ ಗೊತ್ತಿತ್ತು. ಮಂಗಳವಾರಕ್ಕೂ ಇದೇ ಮನುಷ್ಯನೆಂದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಅವಳ ಮನಸ್ಸಿನಲ್ಲಿ ಆ ತಿರುವಿನ ಜಾಗಕ್ಕೆ ಹೋದದ್ದು ಹೋಯಿತು, ಅಷ್ಟೇ.

"ನೀವಾ?" ಎಂದಳು.

"ನಾನೇ. ನಿನ್ನೆ ಸೇಸಪ್ಪ ಎತ್ತಿದ, ನನ್ನ ಕಾಲು ನೋಡಿ. ಆ ಚೀಲದ ಮೇಲೆ ನನ್ನ ಮಗಳ ಹೆಸರು ಬರೆದಿತ್ತು ಹಜ್ಜುಮ್ಮ."

ಕೋಲಿನ ಮಾತು, ಟಾರ್ಚಿನ ಮಾತು, ನೋಟೀಸಿನ ಮಾತು, ಒಂದನ್ನೂ ಅವನು ಆಡಲಿಲ್ಲ. ಹಜ್ಜುಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದು ಕನ್ನಡಕವನ್ನು ಮಾತ್ರವಲ್ಲ. ಆಮೇಲೆ ಕಾಲೆಳೆಯುತ್ತ ಒಳಗೆ ಹೋದಳು. ಒಳಗೆ ಬೆಂಕಿ ಹಚ್ಚಿದ ಸದ್ದು, ತವಾ ಇಟ್ಟ ಸದ್ದು. ಹಸ್ನಾಳನ್ನು ಒಲೆಯ ಹತ್ತಿರ ಬಿಡದೆ ತಾನೇ ಪತ್ತಿರ್ ಬಿಸಿ ಮಾಡಿ, ಮದುವೆಗೆಂದು ತಂದ ಹೂವಿನ ಚಿತ್ತಾರದ ತಟ್ಟೆಯಲ್ಲಿ ಹಾಕಿ ತಂದಳು. ಮೀನಿನ ತಲೆಯ ತುಂಡಲ್ಲ, ನಡುವಿನ ತುಂಡು.

"ಒಳಗೆ ಬಂದು ಕೂತ್ಕೊಳ್ಳಿ," ಎಂದಳು.

"ಬಟ್ಟೆ ನಾರ್ತದೆ. ಇಲ್ಲಿಯೇ ಸಾಕು."

"ಹಾಗಾದ್ರೆ ನಾನೂ ಇಲ್ಲಿಯೇ." ಅವಳು ಬಾಗಿಲ ಹೊಸ್ತಿಲ ಬಳಿ, ನೋವಿನ ಕಾಲು ಚಾಚಿ, ಕಷ್ಟಪಟ್ಟು ನೆಲಕ್ಕೆ ಕುಳಿತಳು. ರವೂಫಾಕ ಬಿಸ್ಮಿ ಹೇಳಿ ಮುರಿದ. ನಿನ್ನೆಯ ಸಾರಿಗೆ ಹುಳಿ ಚೆನ್ನಾಗಿ ಹಿಡಿದಿತ್ತು. ಅವನಿಗೆ ನಿಜವಾಗಿಯೂ ಹಸಿವಾಗಿತ್ತೆಂದು ತಿನ್ನಲು ತೊಡಗಿದ ಮೇಲೆ ಗೊತ್ತಾಯಿತು.

ಗೇಟಿನಿಂದ ಸೇಸಪ್ಪನ ದನಿ, "ಬೀಗರೂಟ ಬೇಗ ಮುಗೀಲಿ ಮಾರಾಯ್ರೆ, ಹಿಂದೆ ಹಾಲಿನ ವ್ಯಾನು ಕಾಯ್ತಾ ಉಂಟು!"

"ಅವರಿಗೂ ಕೊಡು," ಎಂದಳು ಹಜ್ಜುಮ್ಮ ಸೊಸೆಗೆ. ಹಸ್ನಾ ಎರಡು ಪತ್ತಿರ್ ಮಡಚಿ ಓಡಿದಳು.

ತಟ್ಟೆ ಖಾಲಿಯಾದ ಮೇಲೆ ಹಜ್ಜುಮ್ಮ ಗೋಡೆ ಹಿಡಿದು ಎದ್ದಳು. ಹಿತ್ತಿಲಿಗೆ ಹೋಗಿ ಬಂದಾಗ ಕೈಯಲ್ಲಿ ಎರಡು ಗುಲಾಬಿ ಚೀಲ. ಒಂದರ ಬಾಯಿಯನ್ನು ಹಗ್ಗದಿಂದ ಬಿಗಿದಿದ್ದಳು. ಕೊಡುವಾಗ ಅವಳ ಮುಖ ಬೇರೆ ಕಡೆಗೆ ತಿರುಗಿತ್ತು.

"ಇದು ಔತಣ ಅಲ್ಲ," ಎಂದಳು. "ಮಗ ಬಂದ ಮೇಲೆ ಕರೀತೇನೆ. ಆಗ ಒಳಗೆ ಕೂರ್ಬೇಕು."

"ಬರ್ತೇನೆ."

"ಬಿಳಿ ಅಂಗಿ ಹಾಕಿ."

"ಆಯ್ತು."

ಅವನು ಎರಡೂ ಚೀಲಗಳನ್ನು ತೆಗೆದುಕೊಂಡ. ಗೇಟಿನವರೆಗೆ ಹಸ್ನಾ ಜೊತೆಗೆ ಬಂದಳು, ಅವನ ಕೋಟಿನ ತೋಳನ್ನು ಸುಮ್ಮನೆ ಒಂದು ಸಲ ಹಿಡಿದು ಬಿಟ್ಟಳು. ಸೇಸಪ್ಪ ಬಾಯಿ ತುಂಬ ಪತ್ತಿರ್ ಇಟ್ಟುಕೊಂಡು ಚೀಲಗಳಿಗೆ ಕೈ ಚಾಚಿದ.

ತಿರುವಿನಲ್ಲಿ ಭಾವನಾ ಕೇಳಿದಳು, "ಕೊಡದ ಮನೆ ಯಾವುದು ರವೂಫಣ್ಣ?"

"ಇವತ್ತು ಎಲ್ಲರೂ ಕೊಟ್ಟಿದ್ದಾರೆ ಮೇಡಂ."

ಅವಳು ಗಾಡಿಯ ಹಿಂಭಾಗ ನೋಡಿದಳು, ಗುಲಾಬಿ ಚೀಲ ನೋಡಿದಳು, ರವೂಫಾಕನ ಬೆರಳಿಗೆ ಮೆತ್ತಿದ ಹಳದಿ ಸಾರನ್ನೂ ನೋಡಿರಬೇಕು. "ಮಂಗಳವಾರ ಈ ಜಾಗ ನೋಡ್ತೇನೆ," ಎಂದಷ್ಟೇ ಹೇಳಿ ಸ್ಕೂಟರು ಸ್ಟಾರ್ಟು ಮಾಡಿದಳು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಕಬಕ ತಲುಪಿತ್ತು. ಆಯಿಶಾ ಅಂಗಳದಲ್ಲಿ ನಿಂತಿದ್ದಳು.

"ಉಂಡ್ರಂತೆ?"

"ಉಂಡೆ."

"ಎಂತ ಕೊಟ್ರು?"

"ಪತ್ತಿರ್. ಬಂಗುಡೆ."

"ಯಾವತ್ತಿನದ್ದು?"

ರವೂಫಾಕ ಬೂಟಿನ ದಾರ ಬಿಚ್ಚುತ್ತಿದ್ದ.

"ಯಾವತ್ತಿನದ್ದು ಅಂತ ಕೇಳಿದೆ."

"ನಿನ್ನೆಯದ್ದು."

"ನೋಡಿ! ಹ್ಮ್! ಹೆಣ್ಣು ಕೊಟ್ಟವರಿಗೆ ನಿನ್ನೆಯ ಪತ್ತಿರ್!" ಅವಳು ಒಳಗೆ ಹೋದಳು, ಪಾತ್ರೆಗಳು ದಡಬಡ ಸದ್ದು ಮಾಡಿದವು. ಸ್ವಲ್ಪ ಹೊತ್ತಿಗೆ ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬಂದಳು. ಮುಖ ಊದಿಸಿಕೊಂಡೇ ಎರಡೂ ಮೊಣಕಾಲಿಗೆ ಹಚ್ಚಿದಳು.

ಮಗ್ರಿಬಿನ ಬಾಂಗು ಮುಗಿದು ಮಬ್ಬು ಕವಿಯುವ ಹೊತ್ತಿಗೆ ಫೋನು ಬಂತು. ಹಸ್ನಾ.

"ಎಂತ ಮಗಳೇ?"

"ಎಂತ ಇಲ್ಲ ಉಪ್ಪ."

"ಮತ್ತೆ?"

"ಸುಮ್ಮನೆ. ಜಗಲಿಯಲ್ಲಿ ಕೂತಿದ್ದೇನೆ. ಈ ಹೊತ್ತಿಗೆ ಮಾಡ್ಲಿಕ್ಕೆ ಕೆಲಸ ಇಲ್ಲ." ಆಮೇಲೆ ಅವಳು ಕೂಸಿನ ಮಾತು ತೆಗೆದಳು, ಅದು ತೆವಳಿ ಹೊಸ್ತಿಲು ದಾಟಿದ್ದು, ಮಾಮಿ ಸಂಜೆಯಿಂದಲೇ ಮುಂದಿನ ಬುಧವಾರಕ್ಕೆ ಏನು ಮಾಡಿಡುವುದೆಂದು ಲೆಕ್ಕ ಹಾಕುತ್ತಿರುವುದು, ಸೇಸಪ್ಪಣ್ಣನಿಗೆ ಖಾರ ಆಗ್ತದಾ ಎಂದು ಕೇಳಿದ್ದು. ರವೂಫಾಕ ಹ್ಞೂಂ ಎನ್ನುತ್ತಿದ್ದ. ಹ್ಞೂಂಗಳ ನಡುವಿನ ಎಡೆ ದೊಡ್ಡದಾಗುತ್ತ ಹೋಯಿತು.

"ಉಪ್ಪ? ಕೇಳ್ತದಾ?"

ಆಯಿಶಾ ಬಂದು ಅವನ ಕಿವಿಯಡಿಯಿಂದ ಫೋನು ತೆಗೆದುಕೊಂಡಳು. "ಮಲಗಿದ್ರು," ಎಂದಳು ಮೆಲ್ಲನೆ. "ನಾಳೆ ಟ್ಯಾಂಕರು ಅಲ್ವಾ. ಇಡು ಮಗಳೇ."